ಬೀರಾನಾಕನ ಮಂಜಿ

"ಇಲ್ಲೇ ಇತ್ತು ಮೋನಪ್ಪಣ್ಣ, ಈ ಕಣ್ಣಾರೆ ನೋಡಿದ್ದೇನೆ ನಾನು," ಎನ್ನುತ್ತ ನಿಸಾರ್ ತಗಡಿನ ಪೆಟ್ಟಿಗೆಯನ್ನು ಎತ್ತಿ ಬೋರಲು ಹಾಕಿದ. ಎರಡು ಲುಂಗಿ, ಬಣ್ಣ ಹೋದ ಟೊಪ್ಪಿ, ತಸ್ಬಿ ಮಾಲೆ, ಮೊಂಡಾದ ಉಳಿ, ಮರದ ಕೊಡತಿ, ಝಂಝಂ ನೀರು ತಂದಿದ್ದ ಖಾಲಿ ಡಬ್ಬಿ, ಎಲ್ಲ ಧಡಧಡನೆ ಬಿದ್ದವು. ಬೀಳಬೇಕಾದದ್ದು ಮಾತ್ರ ಬೀಳಲಿಲ್ಲ. ಅದನ್ನು ಇಟ್ಟಿದ್ದ ಹಸಿರು ಚೀಲ ಬಿತ್ತು, ಬರಿದಾಗಿ.

ಅವನ ತಾಯಿಯ ಅಣ್ಣ ಬೀರಾನ್ ಆ ಬೆಳಿಗ್ಗೆ ತೀರಿಕೊಂಡಿದ್ದ. ಮಯ್ಯತ್ತು ಆಸ್ಪತ್ರೆಯಿಂದ ಕುವೈತಿನ ಸುಲೈಬಿಖಾತ್ ಖಬರಸ್ಥಾನಕ್ಕೆ ಆಗಲೇ ಹೊರಟುಹೋಗಿತ್ತು. ಅಸರ್ ನಮಾಜಿನ ನಂತರ ದಫನ. ಅಷ್ಟರೊಳಗೆ ಕಫನ್ ಬಟ್ಟೆ ಅಲ್ಲಿಗೆ ತಲುಪಬೇಕು. ಬೀರಾನ್ ಹಜ್ಜಿಗೆ ಹೋದಾಗ ಝಂಝಂ ನೀರಿನಲ್ಲಿ ಅದ್ದಿ ಒಣಗಿಸಿ ತಂದು, ತನ್ನ ಸಾವಿಗೆಂದು ತಾನೇ ಜೋಪಾನ ಮಾಡಿಟ್ಟುಕೊಂಡಿದ್ದ ಬಟ್ಟೆ ಅದು.

ಬಾಗಿಲಲ್ಲಿ ನಿಂತಿದ್ದ ಮೋನಪ್ಪ ಒಳಗೆ ಬರಲಿಲ್ಲ. ಕಾಪು ಕಡೆಯವನು. ಇಲ್ಲೇ ರಾಯ್ ಬಡಾವಣೆಯ ಕ್ಯಾಂಟೀನೊಂದರಲ್ಲಿ ಅಡುಗೆಗಿದ್ದ. ಯುದ್ಧದ ಕಾಲದಲ್ಲಿ ಪಾಸ್‌ಪೋರ್ಟು ವೀಸಾ ಕೊಟ್ಟ ಧಣಿ ಕಫೀಲನ ತಿಜೋರಿಯಲ್ಲಿ, ಕಫೀಲ ಸೌದಿಯಲ್ಲಿ. ಹಾಗಾಗಿ ಓಡಿಹೋಗಲಾಗದೆ ಉಳಿದವನು. ಬೀರಾನನ ಜೊತೆ ಒಂದೇ ಒಲೆಯಲ್ಲಿ ಗಂಜಿ ಬೇಯಿಸಿಕೊಂಡು ಅಷ್ಟೂ ತಿಂಗಳು ಕಳೆದಿದ್ದ.

"ಬಿಡು ಮಾರಾಯ, ಫರ್ವಾನಿಯಾದಲ್ಲಿ ಅಂಗಡಿ ತೆರೆದುಂಟು. ಹೊಸದು ತರುವ," ಎಂದ.

"ಹೊಸದು ಯಾಕೆ? ಮಾಮ ನನ್ನ ಹತ್ತಿರ ಕೇಳಿದ್ದೇ ಅದೊಂದನ್ನು. ಬೇರೆ ಎಂತ ಕೇಳಿದ್ದಾರೆ ಅವರು, ಹೇಳಿ? ಥೂ, ಈ ಲೂಟಿ ಮಾಡಿದವರು ಸತ್ತವರ ಬಟ್ಟೆಯನ್ನೂ ಬಿಡ್ಲಿಲ್ವಲ್ಲ!"

"ಲೂಟಿಯವರು ಅಲ್ಲ."

"ಮತ್ತೆ ಯಾರು?"

ಮೋನಪ್ಪ ಅಂಗಳದ ಕಡೆ ಮುಖ ತಿರುಗಿಸಿದ. ಕಫೀಲನ ಅಜ್ಜನ ಕಾಲದ ಸಣ್ಣ ಮಂಜಿಯೊಂದು ಅಲ್ಲಿ ಮರದ ದಿಮ್ಮಿಗಳ ಮೇಲೆ ಕೂತಿತ್ತು. ಹಾಯಿ ಇಲ್ಲ, ಅದನ್ನು ಕಟ್ಟುವ ಕೂವೆಮರವನ್ನು ಬಿಚ್ಚಿ ಪಕ್ಕದಲ್ಲಿ ಮಲಗಿಸಿದ್ದರು. ಸಮುದ್ರ ಬಿಟ್ಟು ಎಷ್ಟೋ ವರ್ಷವಾಗಿದ್ದ ಆ ಹಾಯಿಹಡಗನ್ನು ಕಾಯುವುದೇ ಬೀರಾನನ ಕೆಲಸವಾಗಿತ್ತು. ನಡುಮಧ್ಯಾಹ್ನವಾದರೂ ಅದರ ಮೂತಿ ಸರಿಯಾಗಿ ಕಾಣುತ್ತಿರಲಿಲ್ಲ. ಸೋತು ಓಡಿದ ಸೈನ್ಯ ಬೆಂಕಿಯಿಟ್ಟಿದ್ದ ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು. ಗಾಳಿ ಈ ಕಡೆ ತಿರುಗಿದ ದಿನ ಹಗಲೇ ದೀಪ ಹಚ್ಚಬೇಕಾಗುತ್ತಿತ್ತು.

"ಮೊದಲು ಮಣ್ಣಿನ ಕೆಲಸ ಆಗ್ಲಿ ನಿಸಾರೇ, ಮತ್ತೆ ಹೇಳ್ತೇನೆ. ಈಗ ಹೇಳಿದ್ರೆ ನಿನ್ನ ಕೈಕಾಲು ಬರುದಿಲ್ಲ. ಚಲೋ, ವ್ಯಾನ್ ತಂದಿದ್ದೇನೆ."

* * *

ಬೀರಾನ್ ಉಳ್ಳಾಲದವನು. ಮೀಸೆ ಚಿಗುರುವ ಪ್ರಾಯದಲ್ಲಿ ಮಂಗಳೂರಿನ ಬಂದರಿನಲ್ಲಿ ಹಂಚು ಹೊರುತ್ತಿದ್ದ. ಕುವೈತಿನಲ್ಲಿ ಎಣ್ಣೆಯೆಂದರೆ ಮೀನೆಣ್ಣೆಯೇ ಆಗಿದ್ದ ಕಾಲ ಅದು. ಅಲ್ಲಿನ ದೊಡ್ಡ ಮಂಜಿಗಳು ಖರ್ಜೂರ ಹೇರಿಕೊಂಡು ಬಂದು, ಹಂಚು, ಮರ, ತೆಂಗಿನ ಹುರಿ ತುಂಬಿಕೊಂಡು ಮರಳುತ್ತಿದ್ದವು. ಮನೆಯಲ್ಲಿ ಹೇಳದೆ ಕೇಳದೆ ಒಂದು ಮಂಜಿ ಹತ್ತಿಬಿಟ್ಟ ಪುಣ್ಯಾತ್ಮ. ಜೊತೆಗೆ ನೆರೆಮನೆಯ ಅಬ್ದುಲ್ ರಹಿಮಾನನನ್ನೂ ಹತ್ತಿಸಿದ.

ಬೀರಾನನಿಗೆ ಸಿಕ್ಕಿದ್ದು ಸಂದು ತುಂಬುವ ಕೆಲಸ. ಹಲಗೆ ಹಲಗೆಗಳ ನಡುವಿನ ಸಂದಿಗೆ, ಎಣ್ಣೆಯಲ್ಲಿ ನೆನೆಸಿದ ಹತ್ತಿಯ ಎಳೆಯನ್ನು ಉಳಿಯಿಟ್ಟು ಕೊಡತಿಯಿಂದ ಬಡಿದು ಕೂರಿಸಬೇಕು. ನೀರು ತಾಗಿದರೆ ಹತ್ತಿ ಉಬ್ಬಿ ಬಿಗಿಯಾಗುತ್ತದೆ, ಒಣಗಿದರೆ ಸಂದು ಬಾಯಿ ಬಿಡುತ್ತದೆ. "ಕಡೆಗೆ ಹೆಬ್ಬೆರಳಲ್ಲಿ ಒತ್ತಿ ಸವರಿ ನೋಡ್ಬೇಕು ಮಗಾ. ಕಣ್ಣು ಸುಳ್ಳು ಹೇಳ್ತದೆ, ಹೆಬ್ಬೆರಳು ಹೇಳುದಿಲ್ಲ," ಎಂದು ಅವನು ಚಹಾ ಕುಡಿಯುವಾಗಲೆಲ್ಲ ಹೇಳುತ್ತಿದ್ದ. ಕೇಳಿ ಕೇಳಿ ನಿಸಾರನ ಕಿವಿ ತೂತಾಗಿತ್ತು.

ಅಬ್ದುಲ್ ರಹಿಮಾನನ ಕತೆಯನ್ನು ಮಾತ್ರ ಬೀರಾನ್ ಒಂದೇ ಸಲ ಹೇಳಿದ್ದು. ಮಸ್ಕತ್ತಿನ ಆಚೆ ಆ ಹುಡುಗನಿಗೆ ಜ್ವರ ಬಂತು. ಗಾಳಿ ಬಿದ್ದುಹೋಗಿ ಮಂಜಿ ನಿಂತಲ್ಲೇ ನಿಂತಿತ್ತು. ದಡ ಕಾಣುವ ಮೊದಲೇ ಅವನು ಹೋದ.

"ಹಡಗಲ್ಲಿ ಬಿಳಿ ಬಟ್ಟೆ ಅಂತ ಒಂದು ಗೇಣು ಇರ್ಲಿಲ್ಲ. ಹರಿದ ಹಾಯಿಯಲ್ಲಿ ಸುತ್ತಿ, ನಮಾಜು ಮಾಡಿ ನೀರಿಗೆ ಬಿಟ್ಟೆವು. ಹಾಯಿ ಅಂದ್ರೆ ಗಾಳಿ ಹಿಡಿಲಿಕ್ಕೆ ಹುಟ್ಟಿದ್ದಲ್ವಾ? ಬೇಗ ಮುಳುಗ್ಲಿಲ್ಲ ಅವ. ಸುಮಾರು ಹೊತ್ತು ನಮ್ಮ ಹತ್ತಿರವೇ ಇದ್ದ. ಬೀರಾನ್, ನನ್ನನ್ನು ಹೀಗೆ ಬಿಟ್ಟು ಹೋಗ್ತೀಯಾ ಅಂತ ಕೇಳಿದ ಹಾಗೆ ಆಗ್ತಿತ್ತು ನನಗೆ."

ಅಂದಿನಿಂದ ಅವನಿಗೆ ಸಾವಿನ ಹೆದರಿಕೆ ಇರಲಿಲ್ಲ, ಬಟ್ಟೆಯಿಲ್ಲದೆ ಹೋಗುವ ಹೆದರಿಕೆ ಮಾತ್ರ ಇತ್ತು. ಪ್ರತಿ ರಮಝಾನಿನಲ್ಲಿ ಆ ಕಫನನ್ನು ಬಿಚ್ಚಿ, ಬಿಸಿಲಿಗೆ ಹಾಕಿ, ಅತ್ತರು ಸವರಿ ಮತ್ತೆ ಮಡಚಿಡುತ್ತಿದ್ದ. "ನನ್ನನ್ನು ಇದರಲ್ಲೇ ಸುತ್ತಬೇಕು, ತಿಳೀತಾ? ನೀನೇ ಸುತ್ತಬೇಕು," ಎನ್ನುತ್ತಿದ್ದ. ಮದುಮಗಳ ಸೀರೆಗೂ ಅಷ್ಟು ಉಪಚಾರ ಮಾಡುವುದಿಲ್ಲ ಮಾಮ ಎಂದು ನಿಸಾರ್ ನಗುತ್ತಿದ್ದ.

* * *

ಮಯ್ಯತ್ತು ತೊಳೆಯುವ ಕೋಣೆಯಲ್ಲಿ ಮುಹಮ್ಮದ್ ಉಸ್ತಾದರು ನೀರು ಹೊಯ್ಯುತ್ತಿದ್ದರು. ನಿಸಾರ್ ಮಾಮನ ಬಲಗೈಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡು ತಿಕ್ಕುತ್ತಿದ್ದ. ಹೆಬ್ಬೆರಳಿನ ಕಪ್ಪು ಮಾತ್ರ ಹೋಗಲೊಲ್ಲದು.

"ಹೊಗೆಯ ಮಸಿ ಇರಬೇಕು," ಎಂದರು ಉಸ್ತಾದರು. "ಈ ಊರಲ್ಲಿ ಈಗ ಯಾರ ಕೈ ಬೆಳ್ಳಗುಂಟು?"

ಮಸಿಯಲ್ಲ, ಹಳೆಯ ಕೆಲಸದ ಎಣ್ಣೆಯ ಕಪ್ಪು. ನಿಸಾರನಿಗೆ ಆಸ್ಪತ್ರೆಯ ಮಂಚ ನೆನಪಾಯಿತು. ಅವನು ಊರಿನಿಂದ ಮರಳಿ ಬಂದದ್ದು ಕಳೆದ ವಾರ. ಅಷ್ಟರಲ್ಲಿ ಬೀರಾನನ ಎದೆ ತುಂಬ ಹೊಗೆ. ಮೂಗಿಗೆ ನಳಿಗೆ, ಮಾತು ನಿಂತಿತ್ತು. ಹೆಬ್ಬೆರಳೊಂದು ಮಂಚದ ಅಂಚನ್ನು ಒತ್ತಿ ಒತ್ತಿ ಸವರುತ್ತಿತ್ತು. ನೋವಿಗೆ ಹಾಗೆ ಮಾಡುತ್ತಾರೆಂದು ನಿಸಾರ್ ಆ ಕೈಯನ್ನು ಹಿಡಿದು ನಿಲ್ಲಿಸಿದ್ದ. ಆಮೇಲೆ ಊರಲ್ಲಿ ಬಿಟ್ಟು ಬಂದ ಹೆಂಡತಿಯ ಸುದ್ದಿಯೆಂದು ಕಿವಿಯ ಹತ್ತಿರ ಬಾಗಿ, "ಫರ್ಸಾನಾ ಚೆನ್ನಾಗಿದ್ದಾಳೆ ಮಾಮ. ಮಗು ಗಂಡು. ನಿಮ್ಮ ಮೂಗೇ," ಎಂದಿದ್ದ.

ಅಲ್ಲಾಹ್ ಕ್ಷಮಿಸಲಿ, ಅದು ಸುಳ್ಳು. ಮಗು ಗಂಡೇ, ಆದರೆ ಉಳಿಯಲಿಲ್ಲ. ಯುದ್ಧಕ್ಕೆ ಹೆದರಿ ಊರಿಗೆ ಹೊರಟಾಗ ಜೋರ್ಡಾನಿನ ಗಡಿಯ ಡೇರೆಯಲ್ಲಿ, ನೀರಿಗೆ ಸಾಲು ನಿಂತಿದ್ದ ಜನರ ನಡುವೆ, ತಿಂಗಳು ತುಂಬುವ ಮೊದಲೇ ಹುಟ್ಟಿ, ಅತ್ತೂ ಅಳದ ಹಾಗೆ ಅತ್ತು ಹೋಗಿಬಿಟ್ಟಿತು. ಸುತ್ತಲು ಬಟ್ಟೆಯಿರಲಿಲ್ಲ. ಫರ್ಸಾನಾ ತನ್ನ ತಲೆಯ ದುಪಟ್ಟ ತೆಗೆದುಕೊಟ್ಟಳು. ಇದನ್ನು ಮಾಮನಿಗೆ ಯಾವ ಬಾಯಲ್ಲಿ ಹೇಳುವುದು?

"ಬಟ್ಟೆ ಕೊಡು," ಎಂದರು ಉಸ್ತಾದರು. ನಿಸಾರ್ ಅಂಗಡಿಯ ಪ್ಲಾಸ್ಟಿಕ್ ಚೀಲ ಹರಿದ. ಹೊಸ ಬಟ್ಟೆ ಗಂಜಿ ಹಾಕಿದಂತೆ ಸೆಟೆದು ನಿಂತಿತ್ತು. ಅತ್ತರಿನ ಪರಿಮಳ ಇರಲಿಲ್ಲ.

"ಅವರದ್ದು ಬೇರೆ ಇತ್ತು ಉಸ್ತಾದರೇ," ಎಂದು ಅವನು ಕೂಸಿನಂತೆ ಅಳತೊಡಗಿದ.

"ಮಣ್ಣು ಯಾವ ಬಟ್ಟೆ ಅಂತ ಕೇಳುದಿಲ್ಲಪ್ಪಾ. ಸುತ್ತು, ಹೊತ್ತಾಯ್ತು."

* * *

ಹೋದ ವರ್ಷ, ಕುವೈತು ಪಕ್ಕದ ದೇಶದ ಸೈನಿಕರ ಕೈಗೆ ಬಿದ್ದು ಒಂದು ತಿಂಗಳಾಗುತ್ತ ಬಂದಿತ್ತು. ಫರ್ವಾನಿಯಾದ ಬೀದಿಯಲ್ಲಿ ಬಸ್ಸು ನಿಂತಿತ್ತು. ಗಡಿ ದಾಟಿಸುವ ಬಸ್ಸು ಅದು. ಗಂಟುಮೂಟೆಗಳ ನಡುವೆ ಏಳು ತಿಂಗಳ ಬಸುರಿ ಫರ್ಸಾನಾ ಸೀಟಿನಲ್ಲಿ ಒರಗಿ ಕೂತಿದ್ದಳು. ಆಗ ಬಂದ ಬೀರಾನ್, ಬೆವರು ಸುರಿಸಿಕೊಂಡು, ರಾಯ್‌ನಿಂದ ನಡೆದುಕೊಂಡು.

"ನಿಸಾರ್, ಇಳಿಸು ಅವಳನ್ನು. ಈ ಬಿಸಿಲಲ್ಲಿ ಮರಳಲ್ಲಿ ಎಲ್ಲಿಗೆ ಕರ್ಕೊಂಡು ಹೋಗ್ತೀ? ಮಂಜಿ ತಯಾರುಂಟು."

"ಯಾವ ಮಂಜಿ?"

"ನಮ್ಮದೇ. ಕ್ರೇನಿನವನ ಹತ್ತಿರ ಮಾತಾಡಿದ್ದೇನೆ, ಶುವೈಖ್ ಬಂದರಿಗೆ ಇಳಿಸಿಕೊಡ್ತಾನೆ. ಈಗ ಗಾಳಿ ನಮ್ಮ ಕಡೆಗೇ ಉಂಟು. ದಡ ಹಿಡ್ಕೊಂಡೇ ಹೋಗುವ. ನಾನು ಹೋದ ದಾರಿಯೇ ಅಲ್ವಾ ಅದು?"

ಬಸ್ಸಿನೊಳಗೆ ಯಾರೋ ಕಿಸಕ್ಕನೆ ನಕ್ಕರು. ನಿಸಾರನಿಗೂ ನಗು ಬಂತು. ಹಲವು ದಿನದ ಹೆದರಿಕೆಯೆಲ್ಲ ಸೇರಿ ಬಂದ ಕೆಟ್ಟ ನಗು.

"ಮಾಮ, ಅದರ ಸಂದಿಯಲ್ಲಿ ಬೆಕ್ಕು ನುಗ್ಗಬಹುದು! ಅದರಲ್ಲಿ ಕೂತ್ರೆ ಮಂಗಳೂರು ಅಲ್ಲ, ಸೀದಾ ಮೀನಿನ ಹೊಟ್ಟೆಗೆ. ನಿಮ್ಮ ಮಂಜಿಯೂ ಬೇಡ, ನಿಮ್ಮ ಕತೆಯೂ ಬೇಡ. ಹೋಗಿ ಮಲಗಿ."

"ಒಂದು ಹನಿ ಸೋರಿದ್ರೆ ಕೇಳು. ಒಮ್ಮೆ ಬಂದು ನೋಡು ಮಗಾ. ನೋಡಿ ಮತ್ತೆ ಬೇಡ ಅನ್ನು."

"ಆಯ್ತು, ಯುದ್ಧ ಮುಗಿದು ಬಂದ ಮೇಲೆ ನೋಡ್ತೇನೆ. ಯಲ್ಲಾ, ಬಸ್ ಹೊರಡ್ತದೆ."

ಬೀರಾನ್ ಕಿಟಕಿಯ ಒಳಗೆ ಕೈ ಹಾಕಿ ಖರ್ಜೂರದ ಪೊಟ್ಟಣವೊಂದನ್ನು ಫರ್ಸಾನಾಳ ಮಡಿಲಲ್ಲಿಟ್ಟ.

ಸಮುದ್ರದ ತುಂಬ ಸಿಡಿಯುವ ಮೈನು, ದಡದ ತುಂಬ ಬಂದೂಕು. ಆ ದಾರಿ ಹೋಗುವ ದಾರಿಯೇ ಅಲ್ಲವೆಂದು ಯಾವ ಮಗುವಾದರೂ ಹೇಳುತ್ತಿತ್ತು. ನಿಸಾರ್ ಹೋಗದೆ ಇದ್ದದ್ದು ತಪ್ಪಲ್ಲ. ಆದರೆ ಹೋಗಿ ನೋಡಬಹುದಿತ್ತಲ್ಲ? ಮುದುಕನ ಮನಸ್ಸಿಗಾಗಿ ಒಂದು ಸಲ, ಅದೇ ಊರಿನಲ್ಲಿ, ಅಷ್ಟು ಹತ್ತಿರದಲ್ಲಿ.

* * *

ಮೂರು ಹಿಡಿ ಮಣ್ಣು ಹಾಕಿ ಜನ ಚದುರಿದರು. ದೂರದಲ್ಲಿ ನಿಂತಿದ್ದ ಮೋನಪ್ಪ ಕಡೆಗೆ ಬಂದು, ಹಾಕಬಹುದೋ ಬಾರದೋ ಎಂದು ಉಸ್ತಾದರ ಮುಖ ನೋಡಿದ. ಅವರು ತಲೆಯಾಡಿಸಿದ ಮೇಲೆ ಬಾಗಿ ತಾನೂ ಒಂದು ಹಿಡಿ ಹಾಕಿದ. ವ್ಯಾನಿನಲ್ಲಿ ರಾಯ್‌ನ ಅಂಗಳಕ್ಕೆ ಬಂದು ಇಳಿದ ಮೇಲೆ ನಿಸಾರ್ ಕೇಳಿದ:

"ಈಗ ಹೇಳಿ."

"ಅದು ಇಲ್ಲುಂಟು," ಎಂದು ಮೋನಪ್ಪ ಮಂಜಿಯನ್ನು ತೋರಿಸಿದ.

ನಿಸಾರನಿಗೆ ಅರ್ಥವಾಗಲಿಲ್ಲ.

"ಹತ್ತಿ ಎಲ್ಲೂ ಸಿಗ್ಲಿಲ್ಲ ಮಾರಾಯ. ಅಂಗಡಿ ಎಲ್ಲ ಒಡೆದು ಹಾಕಿದ್ರು. ಅವರ ದಿಂಬು ಬಿಚ್ಚಿದ್ರು, ನನ್ನ ಹಾಸಿಗೆಯನ್ನೂ ಬಿಡ್ಲಿಲ್ಲ. ಆದ್ರೂ ಅಡಿಯ ಸಂದಿಗೆ ಕಡಿಮೆ ಬಿತ್ತು. ಒಂದು ಬೆಳಿಗ್ಗೆ ನೋಡ್ತೇನೆ, ಆ ಬಟ್ಟೆಯನ್ನು ತೊಡೆ ಮೇಲೆ ಹಾಕ್ಕೊಂಡು ಎಳೆ ಎಳೆ ಬಿಡಿಸ್ತಾ ಕೂತಿದ್ದಾರೆ. ನಿಮಗೆ ತಲೆ ಸರಿ ಉಂಟಾ ಬೀರಾನಾಕ ಅಂತ ಬೈದೆ ನಾನು."

"ಎಂತ ಹೇಳಿದ್ರು?"

"'ನನಗೆ ಯಾರಾದ್ರೂ ಏನಾದ್ರೂ ಹೊದೆಸ್ತಾರೆ ಮೋನಪ್ಪ. ಬಸುರಿ ಹುಡುಗಿ ಕೂತ್ಕೊಂಡು ಹೋಗ್ಲಿಕ್ಕುಂಟು, ಅವಳ ಕಾಲಡಿ ನೀರು ಬರ್ಬಾರ್ದು' ಅಂದ್ರು."

ನಿಸಾರ್ ಅಲ್ಲೇ ದಿಮ್ಮಿಯ ಮೇಲೆ ಕೂತ. "ನಾನು ಬಸ್ಸಲ್ಲಿ ನಕ್ಕದ್ದು ಹೇಳಿದ್ರಾ?" ಎಂದ.

"ಹೇಳಿದ್ರು."

"ಬೇಜಾರು ಮಾಡಿದ್ರಾ?"

ಮೋನಪ್ಪ ಹೆಗಲ ಟವೆಲಿನಲ್ಲಿ ಮುಖ ಒರೆಸಿಕೊಂಡ. "ಸುಳ್ಳು ಯಾಕೆ ಹೇಳುದು? ಮಾಡಿದ್ರು. ಆವತ್ತು ಗಂಜಿ ಮುಟ್ಲಿಲ್ಲ. ಮಾರನೇ ದಿನ ನೋಡಿದ್ರೆ ಬಕೆಟ್ ಹಿಡ್ಕೊಂಡು ಹಲಗೆಗೆ ನೀರು ಹಾಕ್ತಿದ್ದಾರೆ. ಇನ್ನೆಂತಕ್ಕೆ ಅಂತ ಕೇಳಿದೆ. 'ಬಂದ ಮೇಲೆ ನೋಡ್ತೇನೆ ಅಂದಿದ್ದಾನೆ ಅವ. ಒಣಗಿ ಬಾಯಿ ಬಿಟ್ರೆ ಮತ್ತೆ ನಗ್ತಾನೆ' ಅಂದ್ರು. ನಲ್ಲಿ ನಿಂತ ಮೇಲೂ ಬಿಡ್ಲಿಲ್ಲ. ಮಿಂದ ನೀರು, ನಮಾಜಿಗೆ ಕೈಕಾಲು ತೊಳೆದ ವುಝೂ ನೀರು ಎಲ್ಲ ಇದಕ್ಕೇ. ಈ ಹೊಗೆ ಶುರುವಾದ ಮೇಲೆ ಹೊರಗೆ ಹೋಗ್ಬೇಡಿ ಅಂತ ಕೈ ಮುಗಿದೆ. ಕೇಳ್ಬೇಕಲ್ಲ? ಆಸ್ಪತ್ರೆಗೆ ಸೇರಿಸಿದ ಮೇಲೆ ನಾನೇ ಹಾಕಿದ್ದು. ಬಿಡ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಬಂದ ದಿನವೇ ಈ ಅಂಗಳಕ್ಕೆ ಬಂದಿದ್ದ ನಿಸಾರ್, ಇದೇ ಮಂಜಿಯ ಪಕ್ಕದಲ್ಲೇ ನಡೆದು ಕೋಣೆಗೆ ಹೋಗಿದ್ದ. ತಲೆಯೆತ್ತಿ ನೋಡಿರಲಿಲ್ಲ.

ಅವನು ಎದ್ದು, ಈಗ ಮತ್ತೆ ನೀರು ಬರತೊಡಗಿದ್ದ ನಲ್ಲಿಯ ಕೆಳಗೆ ಬಕೆಟ್ ಇಟ್ಟ. ತುಂಬಿದ ಮೇಲೆ ಏಣಿ ಹತ್ತಿ ಮಂಜಿಯ ಹೊಟ್ಟೆಯೊಳಕ್ಕೆ ಸುರಿದ. ಇಳಿದ, ಮತ್ತೆ ತುಂಬಿಸಿದ. ಮೋನಪ್ಪ ಏನೂ ಕೇಳದೆ ಇನ್ನೊಂದು ಬಕೆಟ್ ತಂದು ಕೆಳಗಿನಿಂದ ಎತ್ತಿ ಕೊಡತೊಡಗಿದ. ಬಿಳಿ ಬಟ್ಟೆ ಹಾಕಿಕೊಂಡು ಹೋಗಿದ್ದ ಇಬ್ಬರ ಮೈಯೂ ಕೆಸರಾಯಿತು. ತೋಳು ಸೋತು ಇನ್ನು ಆಗದು ಎನ್ನುವಾಗ ನಿಸಾರ್ ಕೆಳಗಿಳಿದು, ದಿಮ್ಮಿಗಳ ನಡುವೆ ಅಂಗಾತ ನುಸುಳಿ ಮಂಜಿಯ ಅಡಿಯಲ್ಲಿ ಮಲಗಿದ.

ಮೋನಪ್ಪ ಟಾರ್ಚು ಹಿಡಿದ. ಎಣ್ಣೆ ಹಿಡಿದ ಕಪ್ಪು ಸಂದಿಯಲ್ಲಿ ಅಲ್ಲಲ್ಲಿ ಬಿಳಿ ಎಳೆಯೊಂದು ಹೊರಗೆ ಇಣುಕಿತ್ತು. ನಿಸಾರ್ ಹೆಬ್ಬೆರಳನ್ನು ಒತ್ತಿ ಮೂತಿಯಿಂದ ಹಿಂಬದಿಯವರೆಗೆ ನಿಧಾನವಾಗಿ ಸವರಿದ.

"ಬರ್ತಾ ಉಂಟಾ?" ಎಂದ ಮೋನಪ್ಪ.

 ಮುಖದ ಮೇಲೆ ಒಂದು ಹನಿಯಾದರೂ ಬೀಳಲಿ ಎಂದು ನಿಸಾರ್ ಕಾಯುತ್ತಿದ್ದ. ಮೇಲೆ ಮಂಜಿಯ ಹೊಟ್ಟೆಯಲ್ಲಿ ನೀರು ತುಳುಕುವ ಸದ್ದು ಕೇಳುತ್ತಿತ್ತು. ಹೆಬ್ಬೆರಳು ಒಣಗಿಯೇ ಇತ್ತು.