ಟೈಲರಕ್ಕ ಸಮಿತಿ ಬಿಟ್ಟದ್ದು

ಆ ಸಲದ ಶಾಂತಿ ಸಭೆ ಕುರ್ಚಿಯ ವಿಷಯಕ್ಕೆ ಮುರಿದುಬಿತ್ತು. ಹೊಲದವರು ಹೊತ್ತಿಗೆ ಮುಂಚೆಯೇ ಬಂದು ಪ್ಲಾಸ್ಟಿಕ್ ಕುರ್ಚಿಗಳನ್ನೆಲ್ಲ ಹಿಡಿದು ಕೂತಿದ್ದರು. ಕುರಿಗಳನ್ನು ದೊಡ್ಡಿಗೆ ಸೇರಿಸಿ ಬರಬೇಕಾಗಿದ್ದ ಕುರಿಗಾರರು ತಡವಾಗಿ ಬಂದಾಗ ಉಳಿದಿದ್ದು ಗೋಡೆಗೆ ತಾಗಿದ ಒಂದು ಉದ್ದನೆಯ ಬೆಂಚು. ಅದರದ್ದೂ ಒಂದು ಕಾಲು ಗಿಡ್ಡ.

"ಅವರಿಗೆ ಕುರ್ಚಿ, ನಮಗೆ ಬೆಂಚಾ?" ಎಂದು ಒಬ್ಬ ಕುರಿಗಾರ ಬಾಗಿಲಲ್ಲೇ ನಿಂತ.

"ನಿಂತ್ಕೊಂಡೇ ಮಾತಾಡಿ. ದಿನವೆಲ್ಲ ನಿಂತು ಅಭ್ಯಾಸ ಇದೆಯಲ್ಲ," ಎಂದು ಒಳಗಿನಿಂದ ಯಾರೋ ನಕ್ಕರು.

ಅಷ್ಟೇ ಸಾಕಾಯಿತು. ಚಹಾ ಬರುವಷ್ಟರಲ್ಲಿ ಅರ್ಧ ಕೋಣೆ ಖಾಲಿ. ಸಮಿತಿ ನಡೆಸುತ್ತಿದ್ದ ಅಧಿಕಾರಿ ಮಾತ್ರ, ಫೋಟೊ ಮೊದಲೇ ತೆಗೆಸಿದ್ದು ಒಳ್ಳೆಯದಾಯಿತು ಎಂದು ಸಮಾಧಾನಪಟ್ಟುಕೊಂಡರು.

ಕೊನೆಗೆ ಉಳಿದವಳು ಟೈಲರಕ್ಕ. ಮುಟ್ಟದೆ ಬಿಟ್ಟ ಚಹಾ ಲೋಟಗಳನ್ನು ಒಂದೊಂದಾಗಿ ಬಕೆಟ್ಟಿಗೆ ಸುರಿದಳು.

ಅವಳು ಹುಟ್ಟಿದ್ದು ಕುರಿಗಾರರ ಮನೆಯಲ್ಲಿ, ಸೇರಿದ್ದು ಹೊಲದವರ ಮನೆ. ಗುಡ್ಡದ ಕಡೆಯ ಕುರಿಗಾರರಿಗೆಲ್ಲ ಈಗ ಮುಂದಾಳು ಅವಳ ಒಡಹುಟ್ಟಿದ ತಮ್ಮ. ಕೆಳಗಿನ ಹೊಲದವರಲ್ಲಿ ಗಟ್ಟಿ ಗಂಟಲಿನವನು ಅವಳ ಮೈದುನ. ಗುಡ್ಡದಿಂದ ಕೆರೆಗೆ ಹಿಂದೆ ಒಂದು ಕುರಿದಾರಿ ಇತ್ತು. ಕೊಯ್ಲು ಮುಗಿದ ಮೇಲೆ ಹೊಲದವರೇ ಕರೆದು ರಾತ್ರಿಯಿಡೀ ಹೊಲದಲ್ಲೇ ಮಂದೆ ತರುಬಿಸುತ್ತಿದ್ದರು, ಗೊಬ್ಬರ ಬೀಳಲಿ ಅಂತ. ಕೊಳವೆಬಾವಿ ಬಂದ ಮೇಲೆ ಹೊಲ ವರ್ಷವಿಡೀ ಹಸಿರು. ಬಿಡುವಿಲ್ಲದ ನೆಲಕ್ಕೆ ಕುರಿ ಬೇಡವಾಯಿತು. ದಾರಿಯನ್ನು ಮೊದಲು ಉತ್ತವನು ಮೈದುನ. ಅವನನ್ನು ನೋಡಿ ಪಕ್ಕದವರು, ಕೊನೆಗೆ ಕೆರೆಯ ದಂಡೆಯ ಗಿರಣಿ ಯಜಮಾನ. ಅಲ್ಲಿಂದ ಶುರುವಾಯಿತು. ಒಂದು ದಿನ ಕುರಿಯೊಂದರ ಹಿಂಗಾಲಿಗೆ ಕುಡುಗೋಲಿನ ಏಟು, ಮಾರನೆಯ ವಾರ ಪಂಪಿನ ಪೈಪು ತುಂಡು. ಸಮಿತಿ ಹುಟ್ಟಿದ್ದು ಆಗ. ಎರಡೂ ಕಡೆಗೆ ನೆಂಟಸ್ತಿಕೆ ಇದೆ ಎಂದು ಅವಳನ್ನು ನಡುವೆ ಕೂರಿಸಿದರು.

ಸಭೆಯಲ್ಲಿ ಆಗದ ಮಾತು ಅವಳ ಅಂಗಡಿಯಲ್ಲಿ ಆಗುತ್ತಿತ್ತು. ಒಂದು ಹೊಲಿಗೆ ಮಿಷನ್, ಒಂದು ಕತ್ತರಿಸುವ ಮೇಜು, ಗಿರಾಕಿಗೆ ಒಂದು ಸ್ಟೂಲು. ಬೆಳಿಗ್ಗೆ ತಮ್ಮ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದ.

"ಅಕ್ಕ, ನಿನ್ನ ಮೈದುನಂಗೆ ಹೇಳು. ಈ ಬೇಸಿಗೇಲಿ ಕುರಿ ನೀರಿಲ್ದೆ ಸತ್ರೆ ಅವನ ಕಾಲು ಮುರೀತೀನಿ."

ಮಧ್ಯಾಹ್ನ ಅದೇ ಸ್ಟೂಲಿಗೆ ಬಂದ ಮೈದುನನಿಗೆ ಅವಳು, "ಕುರಿಗೆ ನೀರಿಲ್ಲ ಅಂತ ಅವನಿಗೆ ತುಂಬ ಚಿಂತೆ ಆಗಿದೆಯಪ್ಪ," ಎನ್ನುವಳು.

"ಚಿಂತೆ ಮಾಡ್ಲಿ ಬಿಡಿ ಅತ್ತಿಗೆ. ಒಂದು ಗೇಣು ಜಾಗಾನೂ ಬಿಡಲ್ಲ ಅಂತ ಹೇಳಿ."

ಸಂಜೆ ತಮ್ಮನಿಗೆ ಅದು, "ಯೋಚನೆ ಮಾಡ್ತಾನಂತೆ ಕಣೋ, ಸ್ವಲ್ಪ ತಾಳು," ಎಂದು ತಲುಪುತ್ತಿತ್ತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವುದು ಅವಳ ಲೆಕ್ಕ. ಹೀಗೆ ಮಾತನ್ನು ಜರಡಿ ಹಿಡಿದು ಹಿಡಿದು ಅವಳಿಗೇ ಸುಸ್ತಾಗಿತ್ತು. "ನೀನು ಪೋಸ್ಟಾಫೀಸು ಇಟ್ಟಿದ್ದೀಯೋ, ಹೊಲಿಗೆ ಅಂಗಡಿ ಇಟ್ಟಿದ್ದೀಯೋ?" ಎಂದು ಗಂಡ ರೇಗಿಸುತ್ತಿದ್ದ. ಲಾರಿ ಓಡಿಸುವ ಆತನಿಗೆ ಈ ಜಗಳದಲ್ಲಿ ಯಾವ ಪಕ್ಷವೂ ಇರಲಿಲ್ಲ. ಊಟಕ್ಕೆ ಕೂತಾಗ ಯಾರೂ ಕುರಿ ಸುದ್ದಿ ಎತ್ತಬಾರದು ಎನ್ನುವುದೊಂದೇ ಅವನ ಷರತ್ತು.

ಕುರ್ಚಿಯ ಸಭೆ ಮುರಿದ ಕೆಲವು ದಿನಕ್ಕೆ, ಅಂಗಡಿ ಬಾಗಿಲು ಹಾಕುವ ಹೊತ್ತಿನಲ್ಲಿ ಮೈದುನನ ಹೆಂಡತಿ ಫೋನ್ ಮಾಡಿದಳು. "ಅಕ್ಕ, ಬೇಗ ಬನ್ನಿ. ಇವರು ಕುರಿಗಳನ್ನೆಲ್ಲ ನಮ್ಮ ಗೋದಾಮಿಗೆ ಕೂಡಿಹಾಕಿದ್ದಾರೆ. ನಿಮ್ಮ ತಮ್ಮ ಅಂಗಳದಲ್ಲಿ ನಿಂತಿದ್ದಾನೆ. ನನಗೆ ಕೈಕಾಲು ಆಡ್ತಿಲ್ಲ."

ಟೈಲರಕ್ಕ ಹೋದಾಗ ಅಂಗಳದ ತುಂಬ ಜನ. ಆಚೆ, ಆಗ ತಾನೇ ಮೊಳೆತಿದ್ದ ಕಡಲೆಯ ಹೊಲದಲ್ಲಿ ಕುರಿ ತುಳಿದ ಪಟ್ಟಿ ಉದ್ದಕ್ಕೂ ಕಾಣುತ್ತಿತ್ತು. ಗೋದಾಮಿನ ತಗಡಿನ ಬಾಗಿಲ ಹಿಂದೆ ತಾಯಿಕುರಿಗಳು ಒಂದೇ ಸಮನೆ ಕೂಗುತ್ತಿದ್ದವು. ಬೆಳಿಗ್ಗೆ ಗುಡ್ಡದ ದೊಡ್ಡಿಯಲ್ಲಿ ಬಿಟ್ಟು ಬಂದ ಮರಿಗಳು ಈ ಹೊತ್ತಿಗೆ ಹಾಲು ಕುಡಿಯಬೇಕಿತ್ತು.

"ಯಾರು ಹೇಳಿದ್ರೋ ನಿಂಗೆ ಹೊಲಕ್ಕೆ ಕುರಿ ಬಿಡು ಅಂತ?" ಎಂದು ಅವಳು ತಮ್ಮನ ಮೇಲೆ ಏರಿಹೋದಳು.

"ನೀನೇ ಹೇಳಿದ್ಯಲ್ಲ! ಅವನು ಯೋಚನೆ ಮಾಡ್ತಿದ್ದಾನೆ, ಅರ್ಧ ಒಪ್ಪಿದ ಹಾಗೇ ಅಂತ. ಅಂಚಲ್ಲಿ ಹೋದ್ರೆ ಏನೂ ಅನ್ನಲ್ಲ ಅಂದ್ಕೊಂಡೆ. ಆಮೇಲೆ ಕುರಿ ನನ್ನ ಮಾತು ಕೇಳುತ್ತಾ?"

"ಒಪ್ಪಿದ್ನಾ? ನಾನಾ?" ಮೈದುನ ಅತ್ತಿಗೆಯ ಕಡೆ ತಿರುಗಿದ. "ಇವನೇ ತಣ್ಣಗಾಗಿದ್ದಾನೆ, ಬೇರೆ ದಾರಿ ನೋಡ್ಕೋತಾನೆ ಅಂದ್ರಲ್ಲ ಅತ್ತಿಗೆ! ಅದನ್ನ ನಂಬಿ ಬೇಲಿ ಕೂಡ ಹಾಕಿಸ್ಲಿಲ್ಲ ನಾನು."

ಇಬ್ಬರೂ ಅವಳನ್ನೇ ನೋಡುತ್ತಿದ್ದರು. ಅವರ ಹಿಂದಿನ ಜನವೂ ಅವಳನ್ನೇ ನೋಡುತ್ತಿತ್ತು. ಎಷ್ಟೋ ತಿಂಗಳ ದುಡಿಮೆ ಕಣ್ಣೆದುರೇ ನೀರಲ್ಲಿ ಹೋಮವಾದಂತೆ ಅವಳಿಗೆ ಅನ್ನಿಸಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ. ಹಗ್ಗ ಹಿಡಿದವಳ ಅಂಗೈ ಸುಲಿದದ್ದನ್ನು ಇಬ್ಬರೂ ಕೇಳಲಿಲ್ಲ.

"ಸರಿ ಹಾಗಾದ್ರೆ, ಕೇಳಿ," ಎಂದಳು. "ನಿನ್ನ ಕಾಲು ಮುರೀತೀನಿ ಅಂದ ನನ್ನ ತಮ್ಮ. ಇದೇ ಮಾತು, ಇದೇ ಬಾಯಲ್ಲಿ. ನನ್ನ ಮೈದುನ ಏನಂದ ಗೊತ್ತೇನೋ ತಮ್ಮ ನಿಂಗೆ? ಒಂದು ಗೇಣೂ ಬಿಡಲ್ಲ, ಕುರಿ ಸತ್ರೆ ಸಾಯ್ಲಿ ಅಂದ. ನಾನು ಇಬ್ಬರ ಮಾತಿಗೂ ಬೆಣ್ಣೆ ಹಚ್ಚಿ ಹಚ್ಚಿ ಕೊಟ್ಟೆ. ಇನ್ನು ನನ್ನ ಕೈಲಿ ಆಗಲ್ಲ. ಈ ಕ್ಷಣಕ್ಕೆ ಸಮಿತಿ ಬಿಟ್ಟೆ. ಬಾಯಿ ಇಬ್ಬರಿಗೂ ಇದೆ. ನೀವೇ ಮಾತಾಡ್ಕೊಳ್ಳಿ."

"ಅತ್ತಿಗೆ, ಹೀಗೆ ನಡುನೀರಲ್ಲಿ ಬಿಟ್ಟು ಹೋದ್ರೆ..."

"ನಡುನೀರಲ್ಲಿ ಇದ್ದವಳು ನಾನು!"

ಅವಳು ತಿರುಗಿ ನೋಡದೆ ನಡೆದಳು. ಬೀದಿಯ ತಿರುವಿನವರೆಗೂ ಅವರಿಬ್ಬರ ಕೂಗಾಟ ಕೇಳಿಸುತ್ತಿತ್ತು. ಕೈ ಕೈ ಮಿಲಾಯಿಸಿದರೆ ಏನು ಗತಿ ಎಂದು ಹೆದರಿಕೆಯಾದರೂ ಅವಳು ಹಿಂದಿರುಗಲಿಲ್ಲ. ಮನೆಗೆ ಬಂದು ಗಂಡನ ಎದುರು ಅತ್ತಳು. ಆತ ಏನೂ ರೇಗಿಸಲಿಲ್ಲ.

ಆಮೇಲೆ ನಡೆದದ್ದನ್ನು ಮೈದುನನ ಹೆಂಡತಿ ಹೇಳಿದಳು. ಇಬ್ಬರೂ ಗಂಟಲು ಬಿದ್ದುಹೋಗುವ ತನಕ ಬೈದಾಡಿದರಂತೆ. ಕುರಿಗಳ ಕೂಗಿಗೆ ಒಬ್ಬರ ಬೈಗುಳ ಇನ್ನೊಬ್ಬರಿಗೆ ಸರಿಯಾಗಿ ಕೇಳಿಸದೆ, "ಏನಂದೆ?" "ಇನ್ನೊಂದ್ಸಲ ಅನ್ನು!" ಎಂದು ಹತ್ತಿರ ಹತ್ತಿರ ಬಂದರಂತೆ. ಕೊನೆಗೆ ಅವಳೇ, "ಹಾಲು ಕಟ್ಕೊಂಡು ಸಾಯ್ತಿವೆ, ನೀವಿಬ್ಬರೂ ಮನುಷ್ಯರಾ?" ಎಂದು ಗೋದಾಮಿನ ಚಿಲಕ ತೆಗೆದಳಂತೆ. ಯಾರೂ ತಡೆಯಲಿಲ್ಲ.

ಮರುದಿನ ತಮ್ಮ ಅಂಗಡಿಗೆ ಬಂದ. "ಅಕ್ಕ, ಅವನಿಗೆ ಹೇಳು..."

ಅವಳು ಮಿಷನ್ ತುಳಿಯುತ್ತಲೇ ಇದ್ದಳು. "ಅವನ ಮನೆ ಎಲ್ಲಿದೆ ಅಂತ ಗೊತ್ತಲ್ಲ?"

ಮಧ್ಯಾಹ್ನ ಮೈದುನನಿಗೂ ಅದೇ ಉತ್ತರ. ಆತ ಸ್ಟೂಲಿನ ಮೇಲೆ ಕೂತು, ಕತ್ತರಿಸಿ ಬಿದ್ದಿದ್ದ ಬಟ್ಟೆಯ ಚೂರುಗಳನ್ನು ಕಾಲಲ್ಲಿ ಸರಿಸಿ ಸರಿಸಿ, ಎದ್ದು ಹೋದ. ನಾಲ್ಕಾರು ದಿನ ಇಬ್ಬರೂ ಅವಳ ಮೇಲೆ ಮುನಿಸಿಕೊಂಡರು. ತವರಿನಿಂದ ಫೋನ್ ಇಲ್ಲ, ಮೈದುನ ಮನೆ ಮುಂದೆ ಹೋದರೂ ಮಾತಿಲ್ಲ. ಅಧಿಕಾರಿ ಬಂದು, ಮುಂದಿನ ಸಭೆಗೆ ದೊಡ್ಡ ಅಧಿಕಾರಿಗಳು ಬರುತ್ತಾರೆ, ವೇದಿಕೆಯ ಮೇಲೆ ನೀವು ಇರಲೇಬೇಕು ಎಂದರು.

"ಸಾರ್, ಪ್ಯಾಂಟು ಸಡಿಲ ಆಗಿದ್ರೆ ಕೊಡಿ, ಬಿಗಿ ಮಾಡಿ ಕೊಡ್ತೀನಿ. ಬೇರೆ ಏನೂ ನನ್ನ ಕೈಲಾಗಲ್ಲ."

ಹೇಗೋ, ಯಾರ ಮಧ್ಯಸ್ತಿಕೆಯೂ ಇಲ್ಲದೆ, ತಮ್ಮ ಒಂದು ಬೆಳಿಗ್ಗೆ ಮೈದುನನ ಹೊಲಕ್ಕೇ ಹೋದ. ಹೊಲದಂಚಿನ ಒಣ ಕಾಲುವೆಯ ಏರಿಯ ಪಕ್ಕ ಕುರಿ ಸಾಲಾಗಿ ಹೋಗುವಷ್ಟು ಜಾಗ ಬಿಡುವುದು. ಬೇಲಿ ಕುರಿಗಾರರು ಕಟ್ಟುವುದು. ಮಂದೆಯ ಮುಂದೊಬ್ಬ, ಹಿಂದೊಬ್ಬ ಇರುವುದು. ತುಳಿದ ಕಡಲೆಗೆ ಬದಲಾಗಿ ಕೊಯ್ಲಿನ ನಂತರ ಮಂದೆ ತರುಬುವುದು. ಇಷ್ಟು ಮಾತಾಯಿತು. ಬಹಳ ಕಿರಿದಾಯಿತು ಎಂದು ತಮ್ಮ ಗೊಣಗಿದ, ಬಹಳ ಬಿಟ್ಟೆ ಎಂದು ಮೈದುನ. ಪಕ್ಕದ ಹೊಲದವರೂ ಒಲ್ಲದ ಮನಸ್ಸಿನಿಂದ ಹಿಂಬಾಲಿಸಿದರು.

ಆದರೆ ಕೆರೆಯ ದಂಡೆಯ ಹೊಲ ಗಿರಣಿ ಯಜಮಾನನದು. ಆತ ಸುತಾರಾಂ ಒಪ್ಪಲಿಲ್ಲ. ದಾರಿ ಅವನ ತಂತಿಬೇಲಿಗೆ ಮುಟ್ಟಿ ನಿಂತಿತು. ಕುರಿಗಳು ಅಲ್ಲಿಂದ ಟಾರು ರಸ್ತೆಗೆ ಹೊರಳಿ, ಲಾರಿಗಳ ನಡುವೆ ಸುತ್ತು ಹಾಕಿ ನೀರು ಕುಡಿದು ಬರಬೇಕಾಯಿತು.

ಒಂದು ಸಂಜೆ ತಮ್ಮ, ಮೈದುನ ಇಬ್ಬರೂ ಒಟ್ಟಿಗೆ ಅಂಗಡಿಗೆ ನುಗ್ಗಿದರು. ಗಿರಣಿಗೆ ಹೋಗಿ ಬೈಸಿಕೊಂಡು ಬಂದಿದ್ದರು.

"ಎಂಥ ಮೊಂಡ ಅಕ್ಕ ಅವನು! ಒಳಗೆ ಕರೀಲೇ ಇಲ್ಲ!"

"ಮನುಷ್ಯನಾ ಅತ್ತಿಗೆ ಅವನು? ಒಂದು ಗೇಣೂ ಬಿಡಲ್ಲ ಅಂತಾನೆ!"

ಇರುವ ಒಂದು ಸ್ಟೂಲಿನ ಮೇಲೆ ಯಾರೂ ಕೂರಲಿಲ್ಲ. ಇಬ್ಬರೂ ಒಬ್ಬರ ಮಾತಿನ ಮೇಲೊಬ್ಬರು ಬಿದ್ದು ಗಿರಣಿಯವನನ್ನು ಬೈದರು. ಕೊನೆಗೆ ತಮ್ಮ ದನಿ ಇಳಿಸಿ, "ಅವನ ಹೆಂಡತಿ ನಿನ್ನ ಹತ್ರಾನೇ ಬಟ್ಟೆ ಹೊಲಿಸ್ತಾಳಲ್ಲ. ನೀನೊಂದು ಮಾತು..." ಎಂದ.

ಟೈಲರಕ್ಕನಿಗೆ ಕೂಗಿಕೊಳ್ಳಬೇಕು ಅನ್ನಿಸಿತು. ಹಲ್ಲು ಕಚ್ಚಿ ಸೂಜಿಗೆ ದಾರ ಪೋಣಿಸಿದಳು.

"ನಾಳೆ ಮತ್ತೆ ಹೋಗಿ," ಎಂದಳು. "ಇಬ್ಬರೂ ಹೋಗಿ. ಬೈದ್ರೆ ಬೈಸ್ಕೊಂಡು ಬನ್ನಿ."