ಕ್ಲಿಪ್ ಬಿಗಿ ಮಾಡಿ, ಬಾರ್ ಹಿಡಿಯಿರಿ

ಬಾರ್ ಎದೆಗೆ ಇಳಿಯಿತು. ಮತ್ತೆ ಮೇಲೇಳಲಿಲ್ಲ.

"ತಳ್ಳಿ ತೀತಾ, ತಳ್ಳಿ! ಕಾಲು ನೆಲಕ್ಕೆ ಒತ್ತಿ!" ಎಂದು ಜೋವೆಲಿನ್ ಫೋನಿನ ಮುಂದೆ ಚಪ್ಪಾಳೆ ತಟ್ಟಿದಳು. ಪ್ರತಿ ಭಾನುವಾರ ಮಧ್ಯಾಹ್ನ ಅವಳು ಹೀಗೆ ಲೈವ್ ಬರುತ್ತಿದ್ದಳು. ನೋಡುವವರಲ್ಲಿ ಯಾರಾದರೊಬ್ಬರು ತಮ್ಮ ಮನೆಯಿಂದಲೇ ಜೊತೆಗೂಡಿ ಭಾರ ಎತ್ತಿ ತೋರಿಸುವುದು, ಇವಳು ಅವರ ಬೆನ್ನು, ಮೊಣಕೈ ತಿದ್ದುವುದು, ಇದು ರೂಢಿ. ಪರದೆ ಎರಡು ಭಾಗವಾಗಿತ್ತು. ಮೇಲೆ ಇಲೊಯಿಲೊ ಪಟ್ಟಣದಲ್ಲಿ ತಗಡಿನ ಮಾಡಿನ ಕೆಳಗೆ ಇವಳು. ಕೆಳಗೆ, ಕಡಲಾಚೆಯ ಗಿಮಾರಾಸ್ ದ್ವೀಪದಲ್ಲಿ, ಹಲಗೆಯ ಬೆಂಚಿನ ಮೇಲೆ ಅಂಗಾತ ಮಲಗಿದ್ದ ತೀತಾ ನೆನಿಂಗ್. ಅರವತ್ತರ ಹತ್ತಿರದ ಒಂಟಿ ಹೆಂಗಸು; ತೀತಾ ಎಂದರೆ ಅಲ್ಲಿಯವರ ಮಾತಿನಲ್ಲಿ ಚಿಕ್ಕಮ್ಮ. ಅವಳ ಬಾರ್ ಎಂದರೆ ನೀರಿನ ಪೈಪು, ಪ್ಲೇಟುಗಳೆಂದರೆ ಬಕೆಟ್ಟಿನಲ್ಲಿ ಎರಕ ಹೊಯ್ದ ಸಿಮೆಂಟು.

ಬೆಳಿಗ್ಗೆಯಿಂದ ಜೋವೆಲಿನಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ದೇಶಕ್ಕೆಲ್ಲ ಗೊತ್ತಿರುವ ಒಂದು ಜಾಲಪುಟದವರು, ಭಾರ ಎತ್ತಲು ಕಲಿಯುವವರು ಯಾರ‍್ಯಾರನ್ನು ಫಾಲೋ ಮಾಡಬೇಕೆಂದು ಹೆಸರು ಹಾಕಿದ್ದರು. ಮೊದಲನೆಯ ಹೆಸರೇ ಇವಳದು. 'ಜಿಮ್ ಇಲ್ಲ, ಜೊತೆಗಾರರಿಲ್ಲ, ಒಬ್ಬಳೇ ಎತ್ತುವ ಹೆಣ್ಣು' ಎಂಬ ಬಿರುದು ಬೇರೆ. ಇವತ್ತು ಲೈವಿಗೆ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರಿದ್ದರು.

"ಕೋಚ್..." ತೀತಾ ನೆನಿಂಗಳ ದನಿ ಹಿಸುಕಿದಂತೆ ಬಂತು. "ಆಗ್ತಿಲ್ಲ ಕೋಚ್."

"ಪರವಾಗಿಲ್ಲ, ಹೆದರ್ಬೇಡಿ. ಬಾರನ್ನ ಒಂದು ಕಡೆ ವಾಲಿಸಿ. ಪ್ಲೇಟು ತಾನಾಗೇ ಜಾರಿ ಬೀಳುತ್ತೆ."

"ಬೀಳಲ್ಲ... ಕ್ಲಿಪ್ ಬಿಗಿ ಮಾಡಿದೀನಿ. ಸ್ಪ್ಯಾನರ್ ಹಾಕಿ ತಿರುಗಿಸಿದೀನಿ. ನೀವೇ ಹೇಳಿದ್ರಲ್ಲ."

ಹೇಳಿದ್ದು ಜೋವೆಲಿನ್ನೇ. 'ಕ್ಲಿಪ್ ಬಿಗಿ ಮಾಡಿ, ಬಾರ್ ಹಿಡಿಯಿರಿ' ಎಂಬುದು ಅವಳ ಪ್ರತಿ ವಿಡಿಯೋದ ಮೊದಲ ಮಾತು. ಪ್ಲೇಟು ಜಾರದಂತೆ ಬಾರಿನ ತುದಿಗೆ ಬಿಗಿಯುವುದೇ ಕ್ಲಿಪ್. ನಿಂತು ಎತ್ತುವವರಿಗೆ ಅದು ಸರಿ. ಮಲಗಿ, ಅದೂ ಒಬ್ಬರೇ ಇದ್ದಾಗ, ಕ್ಲಿಪ್ ಹಾಕಬಾರದು. ಸಿಕ್ಕಿಬಿದ್ದರೆ ಪ್ಲೇಟು ಜಾರಿಸಿ ಪಾರಾಗಲು ಅದೊಂದೇ ದಾರಿ. ಇಷ್ಟನ್ನು ಅವಳು ಎಂದೂ ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದೂ ಇರಲಿಲ್ಲ.

ಹೊಳೆಯದಿದ್ದುದಕ್ಕೆ ಕಾರಣ ಫೋನಿನ ಹಿಂದೆ ನಿಂತಿತ್ತು. ಅವಳ ಅಕ್ಕ, ಆತೆ ವಿಕ್. ಸಂತೆಯಲ್ಲಿ ಮೀನು ಮಾರುವ ದಪ್ಪ ಹೆಂಗಸು. ಇಷ್ಟು ವರ್ಷ ಜೋವೆಲಿನ್ ಸೋತಾಗಲೆಲ್ಲ ತಲೆಯ ಹಿಂದಿನಿಂದ ಬಂದು ಬಾರ್ ಹಿಡಿದದ್ದು ಅವಳ ಕೈಗಳೇ. ಮೊದಮೊದಲು ಅವಳೂ ವಿಡಿಯೋದಲ್ಲಿ ಕಾಣುತ್ತಿದ್ದಳು. 'ಹಿಂದಿರೋ ನೀರಾನೆ ಯಾರು?' ಎಂದು ಯಾರೋ ಬರೆದರು, ನೂರಾರು ಜನ ನಕ್ಕರು. ಮಾರನೆಯ ದಿನ ಜೋವೆಲಿನ್ ಫೋನನ್ನು ತುಸು ಹತ್ತಿರಕ್ಕೆ ಇಟ್ಟಳು, ಅಕ್ಕ ಚಿತ್ರದಿಂದ ಹೊರಗುಳಿದಳು, ಅಷ್ಟೆ. ಸೋತ ಸಲದ ತುಣುಕುಗಳನ್ನೆಲ್ಲ ಕತ್ತರಿಸಿದ್ದಾಯಿತು. ನೋಡುವವರ ಪಾಲಿಗೆ ಇವಳು ಒಬ್ಬಂಟಿ ವೀರೆಯಾದಳು.

"ಪಕ್ಕದಲ್ಲಿ ಯಾರಿದಾರೆ ತೀತಾ? ಕೂಗಿ!"

"ಎಲ್ಲಾ... ಕೋಳಿ ಅಂಕಕ್ಕೆ..."

ಪರದೆಯ ಅಂಚಿನಿಂದ ಕೆಂಪು ಹೃದಯಗಳು ಮೇಲೇಳುತ್ತಲೇ ಇದ್ದವು. 'ಬಿಡ್ಬೇಡ ಅಜ್ಜಿ!' ಎಂದೊಬ್ಬ. 'ನಾಟಕ ಜೋರಾಗಿದೆ' ಎಂದಿನ್ನೊಬ್ಬ. ಸಿಕ್ಕಿದ್ದರೆ ಅವನ ಕೆನ್ನೆಗೆ ಬಾರಿಸಬೇಕಿತ್ತು. ತೀತಾಳ ಮುಖ ನೇರಳೆ ಬಣ್ಣಕ್ಕೆ ತಿರುಗಿತು, ತೋಳುಗಳು ನಡುಗಿದವು, ಪೈಪು ಎದೆಯಿಂದ ಒಂದು ಬೆರಳಿನಷ್ಟು ಕತ್ತಿನ ಕಡೆಗೆ ಉರುಳಿತು. ಇಷ್ಟು ಜನರ ಕಣ್ಣೆದುರಿಗೆ, ತನ್ನ ಮಾತು ನಂಬಿದ ಹೆಂಗಸು ಸಾಯುತ್ತಾಳೆ ಎಂದುಕೊಂಡಳು ಜೋವೆಲಿನ್.

"ಲೇ, ಬಾಯಿಗೇನು ಬೀಗ ಹಾಕ್ಕೊಂಡಿದೀಯ?" ಆತೆ ವಿಕ್ ಗದರಿದಳು. "ಏನಾದ್ರೂ ಹೇಳೇ! ಸತ್ತೋಗ್ತಾಳೆ ಅವಳು!"

ಜೋವೆಲಿನಳಿಗೆ ಬೇರೊಬ್ಬರ ವಿಡಿಯೋದಲ್ಲಿ ಎಂದೋ ಕಂಡ ಉಪಾಯ ನೆನಪಾಯಿತು. ಸೋತವರ ವಿದ್ಯೆ ಎಂದು ನಕ್ಕು ಮುಂದೆ ತಳ್ಳಿದ್ದಳು. ತಾನು ಒಮ್ಮೆಯೂ ಮಾಡಿ ನೋಡಿದ್ದಲ್ಲ.

"ತೀತಾ, ಮೇಲೆ ಎತ್ತಬೇಡಿ. ಬಾರನ್ನ ಹೊಟ್ಟೆ ಕಡೆ ಉರುಳಿಸಿ. ಕತ್ತಿನ ಕಡೆ ಅಲ್ಲ, ಹೊಟ್ಟೆ ಕಡೆ! ಹೊಟ್ಟೆ ಗಟ್ಟಿ ಮಾಡ್ಕೊಳ್ಳಿ. ನೋಯುತ್ತೆ, ನೋಯ್ಲಿ. ಅಲ್ಲಿಂದ ತೊಡೆಗೆ ತಳ್ಳಿ, ಎದ್ದು ಕೂತ್ಕೊಳ್ಳಿ."

"ಅಮ್ಮಾ..." ಎಂದಿತು ಆ ಕಡೆ. ಪೈಪು ಅಲುಗಿತು. ಅಷ್ಟರಲ್ಲಿ ಕೆಳಗಿನ ಚಿತ್ರ ನಿಂತುಬಿಟ್ಟಿತು.

ದ್ವೀಪದ ಸಿಗ್ನಲ್ಲಿನ ಹಣೆಬರಹ. ತೆರೆದ ಬಾಯಿ, ಮುಚ್ಚಿದ ಕಣ್ಣು, ಪಕ್ಕೆಲುಬಿನ ಮೇಲೆ ಪೈಪು. ಸದ್ದೂ ಇಲ್ಲ. ಆ ನಿಂತ ಮುಖದ ಮೇಲೆ ಒಂದು ಬಿಳಿ ವೃತ್ತ ಸುತ್ತತೊಡಗಿತು.

"ತೀತಾ? ತೀತಾ ನೆನಿಂಗ್!"

ಹೃದಯಗಳು ಏಳುತ್ತಲೇ ಇದ್ದವು. ಕರೆ ಮಾಡೋಣವೆಂದರೆ ಎತ್ತುವ ಕೈಗಳು ಬಾರಿನ ಕೆಳಗಿವೆ. ದೋಣಿ ಹತ್ತಿ ಹೋಗೋಣವೆಂದರೆ ಅವಳ ಊರಿನ ಹೆಸರೂ ಗೊತ್ತಿಲ್ಲ. ಜೋವೆಲಿನ್ ಸಂತ ಮರಿಯಳನ್ನು ಕರೆದಳು, ಪ್ರಾರ್ಥನೆಯ ಮುಂದಿನ ಸಾಲು ಮರೆತಳು, ಮತ್ತೆ ಮೊದಲಿನಿಂದ ಶುರು ಮಾಡಿದಳು. ಆತೆ ವಿಕ್ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಿದ್ದಳು.

ಸದ್ದು ಮೊದಲು ಬಂತು. ಧಡ್ ಎಂಬ ಏಟು, ಎಲ್ಲೋ ನಾಯಿಯ ಬೊಗಳು. ಆಮೇಲೆ ಚಿತ್ರ ಬಂತು. ಬೆಂಚು ಖಾಲಿಯಾಗಿತ್ತು. ಸ್ವಲ್ಪ ಹೊತ್ತಿನಲ್ಲಿ ಕೆಳಗಿನಿಂದ ಒಂದು ನರೆತ ತಲೆ ಎದ್ದಿತು.

"ಇದೀನಿ ಕೋಚ್," ಎಂದಳು ತೀತಾ ನೆನಿಂಗ್. ಒಟ್ಟಿಗೇ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. "ಹೊಟ್ಟೆ ಚರ್ಮ ಎಲ್ಲ ಸುಲಿದೋಯ್ತು. ಇದೀನಿ."

'ಕೋಚ್ ಪ್ರಾಣ ಉಳಿಸಿದ್ರು!' ಎಂದು ಜನ ಬರೆಯತೊಡಗಿದರು. ಒಂದರ ಮೇಲೊಂದು ಹೊಗಳಿಕೆ. ಜೋವೆಲಿನ್ ಸುಮ್ಮನೆ ನಕ್ಕು, ಇನ್ನು ಮೇಲೆ ಕ್ಲಿಪ್ ವಿಷಯದಲ್ಲಿ ಹುಷಾರಾಗಿರಿ ಎಂದು ಕೈ ಬೀಸಿ ಲೈವ್ ಮುಗಿಸಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ.

"ನನ್ ತಪ್ಪೇ ಬಿಡಿ," ತೀತಾ ಮೂಗು ಒರೆಸಿಕೊಂಡಳು. "ನೀವು ಒಬ್ರೇ ಎತ್ತೋದು ನೋಡಿ, ನನಗೂ ಯಾರೂ ಬೇಡ ಅಂದ್ಕೊಂಡೆ. ನಿಮಗೆ ಹೀಗೆ ಸಿಕ್ಕಾಕ್ಕೊಂಡಾಗ ಭಯ ಆಗಲ್ವಾ ಕೋಚ್?"

ಆಗ ಬಂದದ್ದು ಬೇರೆಯ ಹೆದರಿಕೆ. ಬೆಳಿಗ್ಗೆ ತಾನೇ ಕೈಗೆ ಬಂದ ಹೆಸರು ಈಗ ಹೋಗುತ್ತದೆ ಎಂದು ಜೋವೆಲಿನಳಿಗೆ ಚೆನ್ನಾಗಿ ಗೊತ್ತಿತ್ತು.

"ನಾನು ಒಬ್ಬಳೇ ಎತ್ತಿದ್ದೇ ಇಲ್ಲ ತೀತಾ," ಎಂದಳು. "ಒಂದು ದಿನಾನೂ ಇಲ್ಲ." ಎಂದವಳೇ ಫೋನನ್ನು ಅಕ್ಕನ ಕಡೆ ತಿರುಗಿಸಿದಳು.

"ಏಯ್, ಬೇಡ ಕಣೇ!" ಆತೆ ವಿಕ್ ಗೋಡೆಯ ಕಡೆ ಸರಿದಳು. ಸರಿಯಲು ಜಾಗವಿರಲಿಲ್ಲ. ಸೆರಗಿನಂತೆ ಅಂಗಿಯ ಅಂಚನ್ನು ಎಳೆದುಕೊಂಡು ನಿಂತಳು. ಹೃದಯಗಳು ನಿಂತವು, ನಗುವ ಮುಖಗಳು ಬರತೊಡಗಿದವು. ಆತೆ ವಿಕ್ ಅವುಗಳನ್ನು ನೋಡಲಿಲ್ಲ. ಕೆಳಗಿನ ಚಿತ್ರದತ್ತ ಬಗ್ಗಿದಳು.

"ಎದೆ ನೋಯ್ತಿದೆಯಾ?" ಎಂದು ಕೇಳಿದಳು. "ಎಲ್ಲಿ, ಜೋರಾಗಿ ಉಸಿರು ಎಳೀರಿ ನೋಡೋಣ."

ಕಡಲಾಚೆಯ ಹೆಂಗಸು ಪಕ್ಕೆಲುಬಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರು ಒಳಗೆ ಎಳೆದುಕೊಂಡಳು.