ತೊಡೆಯ ಮೇಲಿನ ಬಿಸಿ

ಕೊಟ್ಟೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟ ಹಾಲಸ್ವಾಮಿಗೆ ಯಾರ ಅಭಿಪ್ರಾಯವನ್ನೂ ಕೇಳಿ ಗೊತ್ತಿರಲಿಲ್ಲ. ರೈತ ಬಂದು ನಿಂತರೆ ಸಾಕು, ಯಾವ ಹೊಲ, ಎಂಥ ಮಣ್ಣು ಎಂದು ವಿಚಾರಿಸಿ, "ಇದನ್ನ ಒಯ್ಯಿ" ಎನ್ನುತ್ತಿದ್ದ. ರೈತ ಒಯ್ಯುತ್ತಿದ್ದ. ಮನೆಯಲ್ಲೂ ಅವನ ಮಾತು ಹಾಗೆಯೇ ನಡೆಯುತ್ತಿತ್ತು.

ಮಗ ಅರುಣಕುಮಾರ್ ಹಗರಿಬೊಮ್ಮನಹಳ್ಳಿ ರಸ್ತೆಯಲ್ಲಿ ಬೈಕಿನಿಂದ ಬಿದ್ದ ಮೇಲಂತೂ ಎಲ್ಲವನ್ನೂ ಹಾಲಸ್ವಾಮಿಯೇ ನಿರ್ಧರಿಸಿದ. ಯಾವ ಆಸ್ಪತ್ರೆ, ಎಂಥ ಗಾಲಿಕುರ್ಚಿ, ಮಂಚ ಯಾವ ಕೋಣೆಯಲ್ಲಿ, ಊಟ ಯಾವಾಗ. ಬೆನ್ನುಹುರಿಗೆ ಪೆಟ್ಟಾಗಿ ಅರುಣನಿಗೆ ಸೊಂಟದ ಕೆಳಗೆ ಚಲನೆಯೂ ಇರಲಿಲ್ಲ, ಸ್ಪರ್ಶವೂ ಇರಲಿಲ್ಲ. ಆಸ್ಪತ್ರೆಗೆ ಹೋಗುವುದೊಂದನ್ನು ಬಿಟ್ಟರೆ ಅವನು ಹೊಸಿಲು ದಾಟುವುದನ್ನೇ ನಿಲ್ಲಿಸಿಬಿಟ್ಟಿದ್ದ. ಮುಚ್ಚಿದ ಬಾಗಿಲಿನ ಹಿಂದಿನಿಂದ ಅವನ ದನಿ ಮಾತ್ರ ಕೇಳುತ್ತಿತ್ತು: "ಎಡಕ್ಕ ಹೋಗು... ನಿಲ್ಲು, ಈಗ ಬ್ಯಾಡ." ಕಂಪ್ಯೂಟರಿನಲ್ಲಿ ಏನೋ ಆಟ. ಹಾಲಸ್ವಾಮಿ ಕೇಳಿಯೂ ಕೇಳದವನಂತೆ ಅಂಗಡಿಗೆ ಹೋಗುತ್ತಿದ್ದ.

ಒಂದು ಬೆಳಿಗ್ಗೆ ರೊಟ್ಟಿ ಬಡಿಸುತ್ತ ಹೆಂಡತಿ ನಾಗಲಿಂಗಮ್ಮ ಮಾತು ತೆಗೆದಳು. "ಅವನ ಕಂಪ್ಯೂಟರ್ ನಡುವ ನಿಂತು ಬಿಡ್ತೈತಂತ. ಹೊಸದು ಕೊಡಸ್ರಿ."

"ಆಟ ಆಡಾಕ?"

"ಆಟ ಆಡಾಕಂತನ ಅನ್ಕೊಳ್ರಿ. ಅವ ನಗೋದು ಅದೊಂದ ಹೊತ್ತಿನಾಗ."

ಹಾಲಸ್ವಾಮಿ ರೊಟ್ಟಿ ಮುಗಿಸಿ ಎದ್ದ. ಮಾರನೆಯ ದಿನ ತಾನೊಬ್ಬನೇ ಹರಪನಹಳ್ಳಿಗೆ ಹೋದ. ಗವಿಸಿದ್ದೇಶ್ ಎಂಬಾತ ಮೇಲ್ಮಹಡಿಯಲ್ಲಿ ಲ್ಯಾಪ್‌ಟಾಪ್ ಅಂಗಡಿ ತೆರೆದಿದ್ದ. ಗೇಮ್ ಆಡುವವರಿಗೆಂದೇ ಮಾಡಿದ ಎರಡು ಲ್ಯಾಪ್‌ಟಾಪ್‌ಗಳು ಅವನಲ್ಲಿದ್ದವು. ಒಂದು ತೆಳ್ಳಗೆ, ಬೆಳ್ಳಗೆ, ಒಂದೇ ಕೈಯಲ್ಲಿ ಎತ್ತುವಂಥದ್ದು. ಇನ್ನೊಂದು ಕಪ್ಪಗೆ, ದಪ್ಪಗೆ, ಹಿಂಭಾಗದಲ್ಲಿ ಜಾಲರಿ ಜಾಲರಿ. ಹಾಲಸ್ವಾಮಿ ತೆಳ್ಳಗಿನದನ್ನು ಎತ್ತಿ ನೋಡಿ, "ಇದ ಇರಲಿ" ಎಂದ. ಮಲಗಿದಲ್ಲೇ ಎತ್ತಿಕೊಳ್ಳಲು ಮಗನಿಗೆ ಹಗುರ ಎಂಬುದು ಅವನ ಲೆಕ್ಕ.

"ಯಾರಿಗೆ ರಿ ಇದು?" ಗವಿಸಿದ್ದೇಶ್ ಕೇಳಿದ.

"ನನ್ನ ಮಗಗ."

"ಹಂಗಾರೆ ಅವರನ್ನೇ ಒಮ್ಮೆ ಕರ್ಕೊಂಡು ಬರ್ರಿ. ಆಡೋರು ಅವರು, ನೋಡಿ ತಗೊಳ್ಳಲಿ."

ಅಂಗಡಿಗೆ ಬಂದ ಗಿರಾಕಿಯನ್ನು ಹೀಗೆ ವಾಪಸು ಕಳಿಸುವವನನ್ನು ಹಾಲಸ್ವಾಮಿ ಕಂಡಿರಲಿಲ್ಲ. ಅರುಣ ಹೊರಗೆ ಬರುವುದಿಲ್ಲವೆಂದು ಅವನಿಗೆ ಖಾತ್ರಿಯಿತ್ತು. ಆದರೂ ಮನೆಗೆ ಬಂದು ಹೇಳಿದ. ಅರುಣ ಕಿಟಕಿಯಾಚೆಗೆ ಒಮ್ಮೆ ನೋಡಿದ.

"ಯಾವಾಗ ಹೋಗೂಣು ಅಪ್ಪಾಜಿ?" ಎಂದ.

ಕಾರಿನ ಮುಂದಿನ ಸೀಟಿನಲ್ಲಿ ಮಗನನ್ನು ಕೂರಿಸಿಕೊಂಡು ಹೋಗುವಾಗ ಹಾಲಸ್ವಾಮಿ ಪ್ರತಿ ಗುಂಡಿಗೂ ಗಾಡಿ ನಿಧಾನ ಮಾಡಿದ. ಹರಪನಹಳ್ಳಿಗೆ ಬಂದು, ಅಂಗಡಿಯ ಕೆಳಗೆ ನಿಂತಾಗಲೇ ಮೆಟ್ಟಿಲುಗಳ ನೆನಪಾದದ್ದು. ಕಡಿದಾದ, ಇಕ್ಕಟ್ಟಾದ ಮೆಟ್ಟಿಲು. ಅರುಣ ಸೀಟಿನಲ್ಲಿ ಕುಳಿತೇ ತಲೆಯೆತ್ತಿ ಅವುಗಳನ್ನು ನೋಡಿದ. ಹಾಲಸ್ವಾಮಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಆದರೆ ಗವಿಸಿದ್ದೇಶ್ ಕಿಟಕಿಯಿಂದ ಬಗ್ಗಿ ನೋಡಿ, "ಅಲ್ಲೇ ಇರ್ರಿ, ನಾನೇ ಬರ್ತೀನಿ" ಎಂದು ಎರಡೂ ಲ್ಯಾಪ್‌ಟಾಪ್‌ಗಳನ್ನು ಎದೆಗವಚಿಕೊಂಡು ಇಳಿದು ಬಂದ.

"ಒಳಗಿನ ಸಾಮಾನು ಹೆಚ್ಚು ಕಮ್ಮಿ ಒಂದೇ ರಿ," ಎಂದು ಅರುಣನಿಗೆ ಹೇಳಿದ. "ತೆಳ್ಳಂದ್ರಾಗೆ ಗಾಳಿ ಆಡಾಕೆ ಜಾಗ ಕಮ್ಮಿ. ಬಿಸಿ ಜಾಸ್ತಿ ಆದ್ರೆ ತಾನೇ ನಿಧಾನ ಆಗ್ತೈತೆ. ದಪ್ಪಂದು ಸದ್ದು ಮಾಡ್ತೈತೆ, ಆದ್ರೆ ಓಟ ನಿಲ್ಲಂಗಿಲ್ಲ."

"ಅದು ಇಟ್ಟಂಗಿ ಇದ್ದಂಗ ಐತಿ. ತೆಳ್ಳಂದ ಛಲೋ," ಎಂದ ಹಾಲಸ್ವಾಮಿ.

"ನೋಡೂಣು ತಡೀರಿ ಅಪ್ಪಾಜಿ," ಎಂದು ಅರುಣ ಮೊದಲು ತೆಳ್ಳಗಿನದನ್ನು ತೊಡೆಯ ಮೇಲಿಟ್ಟುಕೊಂಡ. ಮೊಬೈಲಿನ ನೆಟ್ ಹಾಕಿ, ಅಂಗಡಿಯವನು ಮೊದಲೇ ಹಾಕಿಟ್ಟಿದ್ದ ಆಟ ತೆರೆದು, ಆಟದಲ್ಲೇ ಪರಿಚಯವಾದ ಮಾಗಳ ಊರಿನ ಗೆಳೆಯ ಮಾರೇಶನನ್ನು ಕರೆದ. ಅರುಣ ಮಾರೇಶನ ಮುಖವನ್ನು ಒಮ್ಮೆಯೂ ಎದುರಿಗೆ ಕಂಡವನಲ್ಲ. ಪರದೆಯ ಮೇಲೆ ಬೆಟ್ಟ, ಪಾಳುಮನೆ, ಓಡುವ ಜನ. ಅರುಣನ ಬೆರಳುಗಳು ಓಡಿದ ವೇಗಕ್ಕೆ ಹಾಲಸ್ವಾಮಿಯ ಕಣ್ಣು ಸಾಲಲಿಲ್ಲ.

"ಅಣ್ಣಾ, ನಾ ಯಾವ ಕಡಿ ಹೋಗ್ಲಿ?" ಮಾರೇಶನ ದನಿ ಬಂತು.

"ಗ್ವಾಡಿ ಹಿಂದ ಕುಂದ್ರು. ನಾ ಹೇಳೂತನಕ ಏಳಬ್ಯಾಡ."

ಬಾಗಿಲ ಹಿಂದಿನಿಂದ ಕೇಳುತ್ತಿದ್ದ ಅದೇ ದನಿ. ಆದರೆ ಹತ್ತಿರದಿಂದ ಕೇಳಿದಾಗ ಹಾಲಸ್ವಾಮಿಗೆ ಬೇರೆ ಎನಿಸಿತು. ಅಳುಕಿಲ್ಲದ, ನಾಲ್ಕು ಜನರನ್ನು ನಡೆಸಿಕೊಂಡು ಹೋಗುವವನ ದನಿ ಅದು.

ಆಟ ಬಿರುಸಾಗಿ ಸಾಗಿತು. ಲ್ಯಾಪ್‌ಟಾಪ್ ಮೆಲ್ಲಗೆ ಮೊಣಕಾಲಿನತ್ತ ಜಾರುತ್ತಿತ್ತು. ಹಾಲಸ್ವಾಮಿ ಕಾರಿನ ಬಾಗಿಲಿನಿಂದ ಬಗ್ಗಿ ಅದರ ಅಡಿಗೆ ಕೈ ಕೊಟ್ಟು ಸರಿಸಹೋದ. ಆಗಷ್ಟೇ ಒಲೆಯಿಂದ ಇಳಿಸಿದ ಕಾವಲಿ ಮುಟ್ಟಿದಂತಾಗಿ ಕೈ ಹಿಂದಕ್ಕೆ ಬಂತು.

"ತಗಿ. ಮೊದಲ ತಗಿ ಅದನ್ನ."

"ಯಾಕ?"

ಹಾಲಸ್ವಾಮಿ ತಾನೇ ಎತ್ತಿ ಗವಿಸಿದ್ದೇಶನ ಕೈಗಿತ್ತು, ಮಗನ ತೊಡೆ ಮುಟ್ಟಿ ನೋಡಿದ. ಪ್ಯಾಂಟಿನ ಬಟ್ಟೆ ಸುಡುತ್ತಿತ್ತು. ಅರುಣನ ಮುಖದಲ್ಲಿದ್ದ ಹುರುಪು ಇಳಿಯಿತು.

"ನನಗ ಗೊತ್ತಾಗಂಗಿಲ್ಲಲ್ರಿ," ಎಂದ. "ಹಳೇ ಲ್ಯಾಪ್‌ಟಾಪಿನಾಗೂ ಒಮ್ಮೆ ತೊಡಿ ಮ್ಯಾಲ ಗುಳ್ಳಿ ಎದ್ದಿತ್ತು. ಅವ್ವ ಮುಲಾಮು ಹಚ್ಚಿ ವಾಸಿ ಮಾಡಿದ್ಲು."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಕಂಪ್ಯೂಟರ್ ಎತ್ತಿಡ್ತಿದ್ರಿ."

ಹೌದು, ಎತ್ತಿಡುತ್ತಿದ್ದೆ ಎಂದು ಹಾಲಸ್ವಾಮಿಗೂ ಗೊತ್ತಿತ್ತು. ಈಗಲೂ ಅವನ ಬಾಯಿಗೆ ಬಂದದ್ದು ಅದೇ. "ಎರಡೂ ಬ್ಯಾಡ. ಮನಿಗೆ ಹೋಗೂಣು ನಡಿ."

ಗವಿಸಿದ್ದೇಶ್ ಎರಡು ಹೆಜ್ಜೆ ಹಿಂದೆ ಸರಿದು ರಸ್ತೆಯ ಕಡೆ ನೋಡುತ್ತ ನಿಂತ. ಅವನ ಕೈಯಲ್ಲಿದ್ದ ಲ್ಯಾಪ್‌ಟಾಪಿನಿಂದ ಮಾರೇಶನ ದನಿ ಬರುತ್ತಲೇ ಇತ್ತು. "ಅಣ್ಣಾ, ಎಲ್ಲಿಗೆ ಹೋದ್ರಿ? ನಾ ಗ್ವಾಡಿ ಹಿಂದನ ಕುಂತೀನಿ."

ಅರುಣನಿಗೆ ನಗು ಬಂತು. ಆ ನಗು ಇನ್ನೂ ಇರುವಾಗಲೇ ಅವನು ತಂದೆಯನ್ನು ನೋಡಿದ. "ಅಪ್ಪಾಜಿ, ಬಿದ್ದಾಗಿಂದ ಎಲ್ಲಾ ನೀವು ಹೇಳಿದಂಗ ಕೇಳೀನಿ. ಮಲಗು ಅಂದ್ರ ಮಲಗೀನಿ. ನನ್ನ ಮ್ಯಾಲಿನ ಪ್ರೀತಿಯಿಂದ ಮಾಡೀರಿ, ನನಗ ಗೊತ್ತೈತಿ. ಇದೊಂದನ್ನ ನನಗ ಬಿಡ್ರಿ."

"ಸುಟ್ಕೊಂಡ್ರ?"

"ಕಾಲ ಮ್ಯಾಲ ಇಡಂಗಿಲ್ಲ. ಮಂಚಕ್ಕ ಅಡ್ಡ ಒಂದು ಮೇಜು ಬೇಕು. ಅದನ್ನ ನೀವು ಮಾಡಿಸ್ರಿ."

ಹಾಲಸ್ವಾಮಿ ಕಾರಿನ ಬಾಗಿಲು ಹಿಡಿದು ನಿಂತ. ಬೇಡವೆನ್ನಲು ಹತ್ತು ಕಾರಣಗಳಿದ್ದವು. ಆದರೆ ಇಷ್ಟು ದಿನದಲ್ಲಿ ಮಗ ತನಗೆ ಏನಾದರೂ ಮಾಡಿಕೊಡಿ ಎಂದು ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು.

"ಯಾವುದು ಬೇಕು ನಿನಗ?" ಎಂದ.

ಅರುಣ ಕಪ್ಪು ಲ್ಯಾಪ್‌ಟಾಪಿನಲ್ಲೂ ಆಡಿ ನೋಡಿದ. ಈ ಸಲ ಅಡಿಗೆ ಕಾರಿನಲ್ಲಿದ್ದ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡ. ಫ್ಯಾನು ಹಿಟ್ಟಿನ ಗಿರಣಿಯಂತೆ ಮೊರೆಯಿತು, ಆಟ ಮಾತ್ರ ಎಲ್ಲೂ ತಡವರಿಸಲಿಲ್ಲ. "ದಪ್ಪಂದು," ಎಂದ ಅರುಣ.

ಮೇಜಿನ ಕೆಲಸ ಅಂದುಕೊಂಡಷ್ಟು ಸಲೀಸಾಗಲಿಲ್ಲ. ಬಡಿಗ ಬಂಗಾರಪ್ಪ ಮೊದಲು ಮಾಡಿದ್ದು ಎತ್ತರವಾಯಿತು, ತಿದ್ದಿದ ಮೇಲೆ ಗಿಡ್ಡವಾಯಿತು. ಅರುಣ ಮಂಚದಲ್ಲಿ ಕುಳಿತೇ ಮೊಣಕೈ ಇಟ್ಟು ನೋಡಿ, ಇಷ್ಟು, ಇನ್ನೊಂದೀಟು ಎಂದು ಹೇಳಿ ಮಾಡಿಸಿದ. ಹಾಲಸ್ವಾಮಿ ಪಕ್ಕದಲ್ಲಿ ನಿಂತು ಅಳತೆಯ ಟೇಪು ಹಿಡಿದ.

ಭಾನುವಾರ ಮಧ್ಯಾಹ್ನ ಬೇರೆ ಊರಿನ ತಂಡದ ಜೊತೆ ಪಂದ್ಯವಿತ್ತು. ಹಾಲಸ್ವಾಮಿ ಅಂಗಡಿಯಿಂದ ಬೇಗ ಬಂದು ಮಗನ ಕೋಣೆಯ ಬಾಗಿಲಲ್ಲಿ ನಿಂತ. "ಒಳಗ ಬರ್ಲೇನು?" ಎಂದ. ತನ್ನ ಮನೆಯಲ್ಲಿ ಅವನು ಹಾಗೆ ಕೇಳಿದ್ದನ್ನು ನಾಗಲಿಂಗಮ್ಮ ಅಡುಗೆಮನೆಯಿಂದಲೇ ಕೇಳಿಸಿಕೊಂಡಳು.

"ಕುರ್ಚಿ ಎಳ್ಕೊಳ್ರಿ," ಎಂದ ಅರುಣ.

ಯಾರು ಯಾರ ಕಡೆಯವರೆಂಬುದೇ ಹಾಲಸ್ವಾಮಿಗೆ ಬಹಳ ಹೊತ್ತು ತಿಳಿಯಲಿಲ್ಲ. ತಿಳಿಯುವ ಹೊತ್ತಿಗೆ ಅರುಣನ ತಂಡ ಸೋಲುತ್ತಿತ್ತು. ಕೊನೆಗೆ ಸೋತೇ ಹೋಯಿತು. ಮಗ ಮುಖ ತಿರುಗಿಸಿ ಮಲಗಿಬಿಡುತ್ತಾನೇನೋ ಎಂದು ಹಾಲಸ್ವಾಮಿ ಅಂಜಿದ. ಅರುಣ ಹಣೆ ಒರೆಸಿಕೊಂಡು, "ಲೇ ಮಾರೇಶ, ಏಳಬ್ಯಾಡ ಅಂದ್ರೂ ಎದ್ಯಲ್ಲೋ," ಎಂದು ಬೈದು ನಕ್ಕ.

"ಬರೂ ವಾರ ಏಳಂಗಿಲ್ಲ ಅಣ್ಣಾ," ಎಂದಿತು ಮಾಗಳದ ದನಿ.

ನಾಗಲಿಂಗಮ್ಮ ಚಹಾ ತಂದಿಟ್ಟು ತಾನೂ ಮಂಚದ ತುದಿಗೆ ಕುಳಿತಳು. ಹಾಲಸ್ವಾಮಿ ಲೋಟ ಕೈಗೆತ್ತಿಕೊಂಡು, ಕುಡಿಯುವುದನ್ನು ಮರೆತು ಕೇಳಿದ, "ಆ ಹಿಂದಿನಿಂದ ಬಂದವ ನಿಮಗ್ಯಾಕ ಕಾಣಲಿಲ್ಲ?"

ಅರುಣ ಪರದೆಯನ್ನು ತಂದೆಯ ಕಡೆಗೆ ಸ್ವಲ್ಪ ತಿರುಗಿಸಿ, ಮೊದಲಿನಿಂದ ಹೇಳತೊಡಗಿದ.